ಅದಕ್ಕೆ ಹೆಡ್ ಇಲ್ಲ

"ನಂಗೆ ಇನ್ನೊಂದು ವೀಲ್‌ಚೇರ್ ಬೇಡ ಸಾರ್. ದಿನಾ ಬೆಳಿಗ್ಗೆ ಎರಡು ಗಂಟೆ ಹೊತ್ತು ಯಾರಾದ್ರೂ ಸಹಾಯಕ್ಕೆ ಬಂದು ಹೋಗ್ಲಿ, ಸಾಕು."

ಮೊನ್ನೆ ನಮ್ಮ ಪಂಚಾಯಿತಿಯ ವಿಕಲಚೇತನರ ಗ್ರಾಮಸಭೆಯಲ್ಲಿ ಹೀಗೆ ಕೇಳಿದ್ದು ಪಕ್ಕದ ತೋಟದಲ್ಲಿ ಕಾರ್ಮಿಕರಿಗೆ ಕಟ್ಟಿದ ಲೈನ್ ಮನೆಯ ಅಣ್ಣ. ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲ.

"ಅದಕ್ಕೆ ಹೆಡ್ ಇಲ್ಲಪ್ಪ. ವೀಲ್‌ಚೇರ್ ಬೇಕಿದ್ರೆ ಅರ್ಜಿ ಕೊಡು" ಅಂದರು ಅಧಿಕಾರಿ. ಹೆಡ್ ಅಂದರೆ ಸರ್ಕಾರದ ಲೆಕ್ಕದಲ್ಲಿ ಆ ಖರ್ಚಿಗೆ ಇರಬೇಕಾದ ಬಾಬ್ತು. ಕೆಟ್ಟವರಲ್ಲ ಅವರು, ಮಳೆಯಲ್ಲೂ ಮನೆಮನೆಗೆ ಹೋಗಿ ವಿಚಾರಿಸುವವರು. ಹಿಂದಿನಿಂದ ಒಬ್ಬ ಸದಸ್ಯರು ಮಾತ್ರ, "ಹೆಂಡತಿ ಇದಾಳಲ್ಲ" ಅಂದುಬಿಟ್ಟರು. ಆ ಮಾತು ನನಗೆ ಈಗಲೂ ಸಹಿಸೋಕೆ ಆಗುತ್ತಿಲ್ಲ.

ಹೆಂಡತಿ ಇದ್ದಾರೆ, ನಿಜ. ಮೂತ್ರದ ಚೀಲ ಖಾಲಿ ಮಾಡಿ, ಮೈ ಒರೆಸಿ, ಬೆನ್ನಲ್ಲಿ ಹುಣ್ಣು ಎದ್ದಿದೆಯಾ ಅಂತ ನೋಡಿ, ಬಟ್ಟೆ ಹಾಕಿ, ಎತ್ತಿ ಕೂರಿಸುವಷ್ಟರಲ್ಲಿ ತೋಟದಲ್ಲಿ ಹಾಜರಿ ಮುಗಿದಿರುತ್ತದೆ. ಅದಕ್ಕೇ ಆ ಅಕ್ಕ ಕೆಲಸ ಬಿಟ್ಟರು. ಇಬ್ಬರ ಕೂಲಿ ಬರುತ್ತಿದ್ದ ಮನೆಗೆ ಈಗ ತಿಂಗಳಿಗೆ 1,400 ರೂಪಾಯಿ ಪೆನ್ಷನ್. ಒಮ್ಮೆ ಕೂರಿಸಿಬಿಟ್ಟರೆ ಅಣ್ಣ ಕೈ ಊರಿ ತಾವೇ ಮೈ ಎತ್ತಿಕೊಳ್ಳುತ್ತಾರೆ. ಮೊಬೈಲ್ ರಿಪೇರಿ ಕಲಿಯುವ ಆಸೆಯೂ ಇದೆ. ಅಂದರೆ ಆ ಎರಡು ಗಂಟೆ ಸಿಕ್ಕರೆ ಇಬ್ಬರೂ ದುಡಿಯಬಹುದು!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಇದನ್ನೇ ಹೇಳುತ್ತದೆ: ಸಮುದಾಯದ ನಡುವೆ ಬದುಕುವ ಹಕ್ಕು, ಅದಕ್ಕೆ ಬೇಕಾದ ವೈಯಕ್ತಿಕ ಸಹಾಯ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆಯ ಮಾತು 24ನೇ ಸೆಕ್ಷನ್‌ನಲ್ಲಿದೆ. ನಮ್ಮ ರಾಜ್ಯ 2024ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆದರೆ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರ ಮನೆಗೆ ಮಾತ್ರ. ಏಣಿಯಿಂದ ಬಿದ್ದವರು ಆ ಪಟ್ಟಿಯಲ್ಲಿಲ್ಲ. ಕಾಯಿಲೆಯ ಹೆಸರು ನೋಡಿ ಯಾಕೆ ಕೊಡಬೇಕು? ಎಷ್ಟು ಸಹಾಯ ಬೇಕು ಅಂತ ನೋಡಬೇಕಲ್ವಾ?

ವೀಲ್‌ಚೇರ್ ಕೊಟ್ಟರೆ ಫೋಟೋ ಬರುತ್ತದೆ, ಲೆಕ್ಕವೂ ಸುಲಭ. ಅಣ್ಣನಿಗೆ ಕೊಟ್ಟ ವೀಲ್‌ಚೇರ್ ಅಂಗಳ ದಾಟಿಲ್ಲ. ಅಲ್ಲಿಂದ ರಸ್ತೆಗೆ ಪಾಚಿ ಕಟ್ಟಿದ ಮಣ್ಣಿನ ಮೆಟ್ಟಿಲು. ಸಭೆಗೂ ಇಬ್ಬರು ಹುಡುಗರು ಹೊತ್ತುಕೊಂಡೇ ಜೀಪಿಗೆ ಹತ್ತಿಸಿದ್ದು. ಈ ಗುಡ್ಡದ ಊರಲ್ಲಿ ಮೊದಲು ಬೇಕಾದ್ದು ಜನರ ಕೈ. ಆ ಕೈಗೆ ಸಂಬಳ ಕೊಡುವುದೂ ಸರ್ಕಾರದ ಕೆಲಸವೇ.

ನಾವು ಕೆಲವರು ಹಟ ಹಿಡಿದು ಅಣ್ಣನ ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿದ್ದೇವೆ. ಪಂಚಾಯಿತಿ ತನ್ನ ವರಮಾನದಲ್ಲಿ ವಿಕಲಚೇತನರಿಗೆ ತೆಗೆದಿಡುವ ಶೇ 5ರಲ್ಲೇ ಒಬ್ಬ ಸಹಾಯಕರನ್ನು ಇಡಬಹುದಾ ಅಂತ ಮುಂದಿನ ಸಭೆಯಲ್ಲಿ ಕೇಳುತ್ತೇವೆ. ಆಗಲ್ಲ ಅಂದರೆ ಯಾವ ಆದೇಶದ ಪ್ರಕಾರ ಅಂತ ಬರೆದುಕೊಡಲಿ, ಅದನ್ನು ಹಿಡಿದು ಮಡಿಕೇರಿಗೆ ಹೋಗುತ್ತೇವೆ.