ಅಜ್ಜ-ಅಜ್ಜಿಯರ ವಿಡಿಯೋ ಕನ್ಸಲ್ಟೇಶನ್: ಕರೆಗೆ ಮೊದಲಿನ ಅರ್ಧ ಗಂಟೆ

ವಯಸ್ಸಾದವರ ವಿಡಿಯೋ ಕನ್ಸಲ್ಟೇಶನ್ ಸರಿಯಾಗದಿದ್ದರೆ ಎಲ್ಲರೂ ನೆಟ್‌ವರ್ಕನ್ನು ದೂರುತ್ತಾರೆ. ಹೋಮ್ ಕೇರ್ ಕೆಲಸದಲ್ಲಿ ನಾವು ಕಾಣುವುದೇ ಬೇರೆ. ಹೆಚ್ಚಿನ ಕರೆಗಳು ಡಾಕ್ಟರು ಪರದೆಯ ಮೇಲೆ ಬರುವ ಮೊದಲೇ ಕೆಟ್ಟಿರುತ್ತವೆ. ಬಿಪಿ ನೋಡಿಟ್ಟಿಲ್ಲ, ಮದ್ದಿನ ಚೀಲ ಒಳಗಿನ ಕಪಾಟಿನಲ್ಲಿದೆ, ಅಜ್ಜಿಗೆ ಮಾತು ಕೇಳಿಸುತ್ತಿಲ್ಲ. ಸಿಕ್ಕಿದ ಕೆಲವೇ ನಿಮಿಷ ಹುಡುಕಾಟದಲ್ಲಿ ಮುಗಿಯುತ್ತದೆ. ಡಾಕ್ಟರಿಗೆ ಮುಟ್ಟಿ ನೋಡಲು ಆಗದ ಕಡೆ ರೋಗಿಯ ಪಕ್ಕ ಕೂತವರೇ ಪರೀಕ್ಷೆ ಮಾಡಬೇಕು, ಅದನ್ನು ಕರೆಗೆ ಮೊದಲೇ ಮಾಡಿ ಬರೆದಿಡಬೇಕು.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ಮಂಗಳೂರು. 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ಎಂಬುದು ಇಡೀ ಜಿಲ್ಲೆಗೆ ಅರ್ಥವಾಯಿತು. ಅದೇ ವರ್ಷ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಭಾರತದಲ್ಲಿ ನೋಂದಣಿಯಿರುವ ಡಾಕ್ಟರು ದೇಶದ ಯಾವುದೇ ಭಾಗದ ರೋಗಿಯನ್ನು ದೂರದಿಂದ ನೋಡಬಹುದು. ಮಂಗಳೂರಿನ ಡಾಕ್ಟರು ಪೆರ್ಲದ ಅಜ್ಜನಿಗೆ ಮದ್ದು ಬರೆಯಲು ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಏಪ್ರಿಲ್‌ನಲ್ಲಿ ಮನೆಯಿಂದಲೇ ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುವ ಸರಕಾರದ ಇ-ಸಂಜೀವನಿ ಒಪಿಡಿಯೂ ಶುರುವಾಯಿತು. ಬಿಪಿ, ಸಕ್ಕರೆ, ಹೃದಯದ ಮದ್ದು ತೆಗೆದುಕೊಳ್ಳುತ್ತಿರುವವರ ಮರುಭೇಟಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಮೊದಲ ಭೇಟಿ ಮಾತ್ರ ಆದಷ್ಟು ಎದುರಲ್ಲೇ ಆಗಲಿ ಎಂಬುದು ನಮ್ಮ ಅಭಿಪ್ರಾಯ.

ಜಾಗದಿಂದ ಶುರು ಮಾಡೋಣ. ಇಲ್ಲಿಯ ಹಳೆ ಮನೆಗಳು ಅಡಿಕೆ ತೋಟದ ಪಕ್ಕ, ತಗ್ಗಿನಲ್ಲಿ ಇರುತ್ತವೆ. ಅಲ್ಲಿ ಸಿಗ್ನಲ್ ದುರ್ಬಲ. ಗಡಿಯ ಹತ್ತಿರವಾದರೆ ಫೋನು ಒಮ್ಮೆ ಕೇರಳದ ಟವರ್, ಒಮ್ಮೆ ಕರ್ನಾಟಕದ್ದು ಹಿಡಿಯುತ್ತದೆ, ನಡುವೆ ಕರೆ ಕಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ಬದಲಿಸಿ ಗಟ್ಟಿಯಾಗಿ ಸಿಗುವುದನ್ನು ಆರಿಸಿ, ಕರೆ ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಿ. ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ಕೂತು ನೆಂಟರೊಬ್ಬರಿಗೆ ವಿಡಿಯೋ ಕರೆ ಮಾಡಿ ನೋಡಿದರೆ ಅರ್ಧ ತೊಂದರೆ ಮೊದಲೇ ತಿಳಿಯುತ್ತದೆ. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಒಂದು ಮಾತೂ ಕೇಳಿಸದು, ಒಳಕೋಣೆಯೇ ವಾಸಿ. ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಕೂತರೆ ಹಿಂದಿನ ಬೆಳಕಿಗೆ ಮುಖ ಕಪ್ಪಾಗಿ ಕಾಣುತ್ತದೆ. ತುಟಿ ನೀಲಿಗಟ್ಟಿದೆಯೋ, ಕಣ್ಣು ಹಳದಿಯಾಗಿದೆಯೋ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಬೆಳಕು ಮುಖದ ಮೇಲೆ ಬೀಳಬೇಕು. ಫೋನನ್ನು ಯಾರೂ ಕೈಯಲ್ಲಿ ಹಿಡಿಯುವುದು ಬೇಡ, ಕಣ್ಣಿನ ಎತ್ತರಕ್ಕೆ ಡಬ್ಬವೊಂದಕ್ಕೆ ಆನಿಸಿಡಿ. ಕರೆಂಟು ಹೋಗುವ ಊರು, ಬ್ಯಾಟರಿ ಪೂರ್ತಿ ತುಂಬಿರಲಿ.

ಕಿವಿಯ ವಿಷಯವನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕೇಳಿಸದ ಅಜ್ಜಿ ಎಲ್ಲದಕ್ಕೂ "ಹ್ಞೂಂ" ಎನ್ನುತ್ತಾರೆ, ಡಾಕ್ಟರು ಅದನ್ನು ಉತ್ತರ ಎಂದುಕೊಳ್ಳುತ್ತಾರೆ. ತಂತಿಯಿರುವ ಇಯರ್‌ಫೋನ್ ಅಥವಾ ಚಿಕ್ಕದೊಂದು ಸ್ಪೀಕರ್ ಇದ್ದರೆ ಬಹಳ ವ್ಯತ್ಯಾಸವಾಗುತ್ತದೆ. ಶ್ರವಣ ಯಂತ್ರವಿದ್ದರೆ ಹಾಕಿಸಿ, ಬ್ಯಾಟರಿ ನೋಡಿ, ಕನ್ನಡಕವನ್ನೂ ಹಾಕಿಸಿ. ಕಿವಿ ಮಂದವಾದವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಮಾಸ್ಕ್ ಹಾಕಿಕೊಂಡಿದ್ದರೆ ತೆಗೆದು ನಿಧಾನವಾಗಿ ಮಾತಾಡಿ ಎಂದು ಡಾಕ್ಟರಲ್ಲಿ ಕೇಳಲು ಸಂಕೋಚ ಬೇಡ.

ಇನ್ನು ಬಿಪಿ. ಅಡುಗೆ ಮನೆಯಿಂದ ನಡೆದು ಬಂದವರನ್ನು ಕೂರಿಸಿ ಕೂಡಲೇ ಯಂತ್ರ ಕಟ್ಟಿದರೆ ಬರುವ ಅಂಕಿ ಸುಳ್ಳು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಹೊಗೆಸೊಪ್ಪಿನ ಎಲೆಯಡಿಕೆ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಮಾತಿಲ್ಲದೆ ಕೂರಬೇಕು. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆಯಿರಿ. ಆಮೇಲೆ, ಬಹಳ ಮನೆಗಳಲ್ಲಿ ಮಾಡದೇ ಬಿಡುವ ಒಂದು ಕೆಲಸವಿದೆ. ಎದ್ದು ನಿಲ್ಲಿಸಿ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಸಿದ್ಧರಿರಬೇಕು. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಬೆಳಗ್ಗೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವವರಲ್ಲಿ ಅನೇಕರಿಗೆ ಕಾರಣ ಇದೇ, ಬಿಪಿ ಮದ್ದಿನ ಪ್ರಮಾಣವೂ ಅದರ ಹಿಂದೆ ಇರಬಹುದು. ಕೂತಾಗಿನ ಅಂಕಿ ಮಾತ್ರ ಕೇಳಿದ ಡಾಕ್ಟರು ಮದ್ದನ್ನು ಇನ್ನೂ ಹೆಚ್ಚಿಸುವ ಅಪಾಯವಿದೆ.

ಸಕ್ಕರೆ ನೋಡುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದು ಒರೆಸಬೇಕು. ಹಲಸಿನ ಹಣ್ಣು ಬಿಡಿಸಿದ ಬೆರಳಲ್ಲಿ ನೋಡಿದರೆ ಹಣ್ಣಿನ ಸಕ್ಕರೆಯೂ ಸೇರಿ ಅಂಕಿ ಏರುತ್ತದೆ. ಸ್ಟ್ರಿಪ್ ಡಬ್ಬದ ಮುಚ್ಚಳ ಸಡಿಲವಿದ್ದರೆ ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಹಾಳು. 70ಕ್ಕಿಂತ ಕಡಿಮೆ ಬಂದರೆ ಕರೆಗೆ ಕಾಯಬೇಡಿ, ಎಚ್ಚರವಿದ್ದು ನುಂಗಲು ಆಗುವವರಿಗೆ ಮೊದಲು ಸಕ್ಕರೆ ನೀರು ಕೊಡಿ, 15 ನಿಮಿಷದ ನಂತರ ಮತ್ತೆ ನೋಡಿ. ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರಿಗೆ ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣವಿರಬಾರದು, ಅಂಕಿ ನಿಲ್ಲುವ ತನಕ ಒಂದು ನಿಮಿಷ ಕಾಯಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಎಣಿಸುತ್ತಿದ್ದೇವೆ ಎಂದು ಅವರಿಗೆ ತಿಳಿಯದಿದ್ದರೆ ಒಳ್ಳೆಯದು. ಹೃದಯದ ತೊಂದರೆಯವರ ತೂಕವನ್ನು ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ನೋಡಿ. 3 ದಿನದಲ್ಲಿ 2 ಕಿಲೋ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದು ಅನುಮಾನಿಸಬೇಕು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಂದ 5 ಸೆಕೆಂಡು ಒತ್ತಿ, ಗುಳಿ ಉಳಿಯುವುದನ್ನು ಕ್ಯಾಮರಾಕ್ಕೆ ತೋರಿಸಬಹುದು.

ಒಪಿಡಿಯಲ್ಲಿ ಸಿಗದ್ದು ವಿಡಿಯೋದಲ್ಲಿ ಸಿಗುವುದೂ ಇದೆ: ಮನೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವುದನ್ನು ತೋರಿಸಿ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. ಬಚ್ಚಲಿನ ಮೆಟ್ಟಿಲು, ಪಾಚಿ ಹಿಡಿದ ಅಂಗಳ, ರಾತ್ರಿ ಎದ್ದು ಹೋಗುವ ದಾರಿಯನ್ನೂ ತೋರಿಸಿ. ಹುಣ್ಣು, ಗಾಯಗಳಿಗೆ ಮಾತ್ರ ವಿಡಿಯೋ ಸಾಲದು. ಹಗಲು ಬೆಳಕಿನಲ್ಲಿ ದೂರದಿಂದ ಒಂದು, ಹತ್ತಿರದಿಂದ ಸ್ಕೇಲು ಪಕ್ಕದಲ್ಲಿಟ್ಟು ಇನ್ನೊಂದು ಫೋಟೋ ತೆಗೆದು ಮೊದಲೇ ಕಳಿಸಿ.

ಮದ್ದಿನ ಚೀಲವನ್ನು ಮೇಜಿನ ಮೇಲೆ ಪೂರ್ತಿ ಸುರಿಯಿರಿ. ಮಂಗಳೂರಿನ ಡಾಕ್ಟರದ್ದು, ಊರ ಕ್ಲಿನಿಕ್ಕಿನದ್ದು, ಪಿಎಚ್‌ಸಿಯಲ್ಲಿ ಕೊಟ್ಟದ್ದು, ಆಯುರ್ವೇದದ್ದು, ಗಂಟು ನೋವಿಗೆ ಅಂಗಡಿಯಿಂದ ತಂದದ್ದು, ಎಲ್ಲವೂ ಬರಲಿ. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಮೂಲ ಹೆಸರನ್ನು ಓದಿ. ಬ್ರ್ಯಾಂಡ್ ಬೇರೆಯಾದರೂ ಎರಡರಲ್ಲೂ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಮದ್ದು ಇರಬಹುದು, ಅಜ್ಜ ಎರಡನ್ನೂ ನುಂಗುತ್ತಿರಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮದ್ದು, ಮೂತ್ರ ಹೆಚ್ಚಿಸುವ ಮದ್ದು ಇವೆರಡರ ಜೊತೆ ಸೇರಿದರೆ ವಯಸ್ಸಾದವರ ಕಿಡ್ನಿಗೆ ದೊಡ್ಡ ಪೆಟ್ಟು. "ಬೇರೆ ಮದ್ದು ಏನಾದರೂ ಇದೆಯೇ?" ಎಂದು ಕೇಳಿದರೆ ನೋವಿನ ಮಾತ್ರೆಯನ್ನು ಯಾರೂ ಹೇಳುವುದಿಲ್ಲ, ಅದನ್ನು ಮದ್ದು ಎಂದೇ ಎಣಿಸುವುದಿಲ್ಲ. ಚೀಟಿಯ ತಾರೀಕು ನೋಡಿ, ಉಳಿದ ಮಾತ್ರೆ ಎಣಿಸಿ. ಮುಗಿಯಬೇಕಿದ್ದ ಮದ್ದು ಅರ್ಧ ಉಳಿದಿದ್ದರೆ ಮದ್ದು ತಾಗುತ್ತಿಲ್ಲ ಎನ್ನುವ ಮೊದಲು ಅದನ್ನು ಹೇಳಬೇಕು.

ಕರೆಯಲ್ಲಿ ಮೊದಲು ರೋಗಿಯೇ ಮಾತಾಡಲಿ. ಮರೆವಿನ ಕಾಯಿಲೆ ಇದ್ದವರಿಗೂ ಒಂದೆರಡು ನಿಮಿಷ ಕೊಡಿ, ಅವರು ಉತ್ತರಕ್ಕೆ ತಡವರಿಸುವ ರೀತಿಯಿಂದಲೇ ಡಾಕ್ಟರಿಗೆ ಬಹಳ ತಿಳಿಯುತ್ತದೆ. ಮಗಳೋ ಸೊಸೆಯೋ ಆಮೇಲೆ ಸೇರಿಸಲಿ. ಕರೆ ಮಾಡಿದ್ದು ಆಶಾ ಕಾರ್ಯಕರ್ತೆ, ನರ್ಸ್ ಅಥವಾ ಮನೆಯವರಾದರೆ ರೋಗಿಯ ಒಪ್ಪಿಗೆಯನ್ನು ಬಾಯಿ ಬಿಟ್ಟು ಹೇಳಿಸಬೇಕು, ಇದು ನಿಯಮ. ಆ ಕಡೆಯ ಡಾಕ್ಟರಿಗೆ ಮಲಯಾಳ ಮಾತ್ರ ಬರುವುದಾದರೆ, ಅಜ್ಜಿಗೆ ತುಳುವೋ ಕನ್ನಡವೋ ಮಾತ್ರ ಬರುವುದಾದರೆ, ಎರಡೂ ಬಲ್ಲವರೊಬ್ಬರು ಮೊದಲಿನಿಂದ ಕೊನೆ ತನಕ ಕೂತಿರಬೇಕು. ಮೂತ್ರ, ಮಲ, ಮನಸ್ಸಿನ ಬೇಸರದ ಮಾತು ಬಂದಾಗ ಉಳಿದವರು ಹೊರಗೆ ಹೋಗಲಿ. ನೆರೆಕರೆಯವರೆಲ್ಲ ಸುತ್ತ ನಿಂತಿರುವಾಗ ಯಾವ ಅಜ್ಜಿಯೂ ಮೂತ್ರ ಸೋರುವುದನ್ನು ಹೇಳುವುದಿಲ್ಲ.

ಕೆಲವು ತೊಂದರೆಗೆ ವಿಡಿಯೋ ಬೇಡವೇ ಬೇಡ: ಎದೆನೋವು, ಕೂತಲ್ಲೇ ಏದುಸಿರು, ಇದ್ದಕ್ಕಿದ್ದಂತೆ ಬಾಯಿ ಓರೆಯಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ದಿನದೊಳಗೆ ಶುರುವಾದ ಗೊಂದಲ, ಬಿದ್ದ ಮೇಲೆ ನಿಲ್ಲಲು ಆಗದಿರುವುದು. ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಹಾಗೆಯೇ. 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ, ಇಲ್ಲಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗುವ ದಾರಿಯೂ ಅದರಲ್ಲೇ ಸೇರಬೇಕು.

ಮಾರ್ಫಿನ್‌ನಂಥ ಮದ್ದುಗಳನ್ನು ಟೆಲಿಮೆಡಿಸಿನ್‌ನಲ್ಲಿ ಬರೆಯುವಂತಿಲ್ಲ. ಕ್ಯಾನ್ಸರ್ ನೋವಿನವರು ಅದು ಮುಗಿಯುವ ವಾರ ಮೊದಲೇ ನೋವು ಶಮನದ ಆರೈಕೆ ಮಾಡುವ ಪಾಲಿಯೇಟಿವ್ ನರ್ಸಿಗೆ ತಿಳಿಸಿ. ಕರೆ ಕಡಿಯುವ ಮೊದಲು ಯಾವ ಮದ್ದು ಹೊಸದು, ಯಾವುದು ನಿಲ್ಲಿಸುವುದು, ಎಷ್ಟು ಹೊತ್ತಿಗೆ ಎಂದು ಡಾಕ್ಟರ ಎದುರೇ ಓದಿ ಹೇಳಿ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಮೆಡಿಕಲ್‌ನವರು ವಾಪಸು ಕಳಿಸಬಹುದು. ನಿಲ್ಲಿಸಿದ ಮದ್ದನ್ನು ಅವತ್ತೇ ಚೀಲದಿಂದ ತೆಗೆಯಿರಿ. ಟೆಲ್ಮಿಸಾರ್ಟನ್ ಜಾತಿಯ ಮದ್ದೋ ಮೂತ್ರದ ಮದ್ದೋ ಹೊಸದಾಗಿ ಶುರುವಾಗಿದ್ದರೆ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವುದು), ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕೇ ಎಂದು ಕೇಳಿ, ರಿಪೋರ್ಟಿನ ಫೋಟೋವನ್ನು ಮುಂದಿನ ಕರೆಯ ಹಿಂದಿನ ದಿನವೇ ಕಳಿಸಿ.