ಹಳೆಯ ಪ್ರೊಸೆಸರಿನಲ್ಲಿ ಉಳಿದಿರುವ ಕಸುವು

ಶಿವಮೊಗ್ಗದ ಗುಜರಿ ಅಂಗಡಿಗಳಿಗೆ ತೂಕದ ಲೆಕ್ಕದಲ್ಲಿ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಪ್ರೊಸೆಸರ್ ಕೆಟ್ಟಿರುವುದು ಬಹಳ ಅಪರೂಪ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸುಟ್ಟಿರುತ್ತದೆ, ಹಾರ್ಡ್ ಡಿಸ್ಕ್ ಹೋಗಿರುತ್ತದೆ, ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿರುತ್ತವೆ. ಪ್ರೊಸೆಸರ್ ಮಾತ್ರ ಮೊದಲಿನಂತೆಯೇ ಇರುತ್ತದೆ. ಆದ್ದರಿಂದ ಪ್ರೊಸೆಸರನ್ನು ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಓವರ್‌ಕ್ಲಾಕಿಂಗನ್ನು ಗೇಮ್ ಆಡುವವರ ಹವ್ಯಾಸವೆಂದು ಬದಿಗಿಡದೆ, ಇಂಥ ಯಂತ್ರಗಳಿಗೆ ಇನ್ನಷ್ಟು ವರ್ಷ ಕೆಲಸ ಕೊಡುವ ದಾರಿಯೆಂದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ವೋಲ್ಟೇಜ್ ಏರಿಸದೆ ಎಷ್ಟು ವೇಗ ಸಿಗುತ್ತದೆಯೋ ಅಷ್ಟಕ್ಕೇ ನಿಲ್ಲಬೇಕು ಎಂಬುದನ್ನೂ ಅದರ ಜೊತೆಗೇ ಹೇಳಿಬಿಡುತ್ತೇನೆ.

ಒಂದೇ ವಿನ್ಯಾಸದ ಚಿಪ್‌ಗಳನ್ನು ಕಂಪನಿಗಳು ಪರೀಕ್ಷಿಸಿ, ಬೇರೆ ಬೇರೆ ವೇಗದ ಹೆಸರಿನಲ್ಲಿ ಮಾರುತ್ತವೆ. ಕಡಿಮೆ ಬೆಲೆಯ ಮಾದರಿಗೆ ಬೇಡಿಕೆ ಹೆಚ್ಚಿದ್ದರೆ ಒಳ್ಳೆಯ ಚಿಪ್ ಕೂಡ ಕಡಿಮೆ ವೇಗದ ಹೆಸರಿನಲ್ಲಿಯೇ ಹೊರಬರುತ್ತದೆ. 1998ರ ಸೆಲೆರಾನ್ 300ಎ ಹೆಸರು ಮಾಡಿದ್ದು ಹೀಗೆಯೇ: ಅದರ ಬಸ್ಸಿನ (ಪ್ರೊಸೆಸರಿಗೂ ಮದರ್‌ಬೋರ್ಡಿಗೂ ನಡುವೆ ದತ್ತಾಂಶ ಸಾಗುವ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300 ಮೆಗಾಹರ್ಟ್ಸ್‌ನ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು.

ನಮ್ಮ ಕಡೆ ಇಂದಿಗೂ ಕೈಗೆ ಸಿಗುವ, ಶ್ರಮಕ್ಕೆ ತಕ್ಕ ಫಲ ಕೊಡುವ ಪ್ರೊಸೆಸರ್ ಎಂದರೆ 2007ರ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600. ಮದರ್‌ಬೋರ್ಡಿನ 266 ಮೆಗಾಹರ್ಟ್ಸ್ ಬಸ್ಸನ್ನು 9ರಿಂದ ಗುಣಿಸಿದಾಗ ಬರುವ 2.4 ಗಿಗಾಹರ್ಟ್ಸ್ ಇದರ ಮೂಲ ವೇಗ. ಮದರ್‌ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ 266ನ್ನು 333 ಮಾಡಿದರೆ 3.0 ಗಿಗಾಹರ್ಟ್ಸ್ ಆಗುತ್ತದೆ. ಪಿ35, ಪಿ45 ಚಿಪ್‌ಸೆಟ್‌ನ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳು) ಬೋರ್ಡುಗಳಿಗೆ 333 ಎಂಬುದು ಸಹಜ ವೇಗವೇ ಆಗಿರುವುದರಿಂದ ಅವುಗಳ ಮೇಲೆ ಹೆಚ್ಚಿನ ಹೊರೆ ಬೀಳುವುದಿಲ್ಲ. ಬಸ್ಸಿಗೂ ಮೆಮೊರಿಗೂ ಇರುವ ವೇಗದ ಅನುಪಾತವನ್ನು 1:1ಕ್ಕೆ ಇಟ್ಟರೆ ಡಿಡಿಆರ್2-800 ರ‍್ಯಾಮ್ 667ರಲ್ಲಿ ನಿರಾಳವಾಗಿ ಓಡುತ್ತದೆ. ಗ್ರಾಫಿಕ್ಸ್ ಕಾರ್ಡಿನಂಥವನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ವೇಗವನ್ನು 100 ಮೆಗಾಹರ್ಟ್ಸ್‌ಗೆ ಕಟ್ಟಿಹಾಕುವುದನ್ನು ಮರೆಯಬಾರದು, ಏಕೆಂದರೆ ಅದೂ ಏರಿದರೆ ಡಿಸ್ಕಿನಲ್ಲಿರುವ ದತ್ತಾಂಶ ಹಾಳಾಗುವ ಅಪಾಯವಿದೆ. ಕೆಲವು ಬ್ರಾಂಡೆಡ್ ಯಂತ್ರಗಳ ಬಯಾಸ್‌ನಲ್ಲಿ ಈ ಯಾವ ಆಯ್ಕೆಯೂ ಇರುವುದಿಲ್ಲ. ಅಲ್ಲಿ ಪ್ರೊಸೆಸರಿನ ಕೆಳಗಿನ ಒಂದು ಸಣ್ಣ ಸಂಪರ್ಕಬಿಂದುವಿಗೆ ಅಂಟುಪಟ್ಟಿಯ ಚೂರು ಹಚ್ಚಿ ಬೋರ್ಡು ಹೆಚ್ಚಿನ ಬಸ್ ವೇಗವನ್ನು ಆರಿಸಿಕೊಳ್ಳುವಂತೆ ಮಾಡುವ ಉಪಾಯವೂ ಉಂಟು, ಆದರೆ ಚಿಪ್‌ಸೆಟ್ ಆ ವೇಗವನ್ನು ಬೆಂಬಲಿಸಬೇಕು.

ವೋಲ್ಟೇಜನ್ನು 'ಆಟೋ'ದಲ್ಲಿ ಬಿಟ್ಟರೆ ಕೆಲವು ಬೋರ್ಡುಗಳು ತಾವಾಗಿಯೇ ಏರಿಸುತ್ತವೆ, ಹಾಗಾಗಿ ಮೂಲ ಸಂಖ್ಯೆಯನ್ನು ಕೈಯಾರೆ ನಮೂದಿಸುವುದು ಲೇಸು. ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗವೊಂದನ್ನೇ ಕಾಲು ಭಾಗ ಹೆಚ್ಚಿಸಿದರೆ ಖರ್ಚೂ ಕಾಲು ಭಾಗ ಹೆಚ್ಚುತ್ತದೆ. ಅದರ ಜೊತೆಗೆ ವೋಲ್ಟೇಜನ್ನು ಶೇ. 10ರಷ್ಟು ಏರಿಸಿದರೆ ಹೆಚ್ಚಳ ಶೇ. 51 ಮುಟ್ಟುತ್ತದೆ. ಹದಿನೈದು ವರ್ಷ ದಾಟಿದ ಕೆಪಾಸಿಟರುಗಳಿಗೆ ಆ ಭಾರ ಹೊರಿಸುವುದು ನ್ಯಾಯವಲ್ಲ.

ಮಲೆನಾಡಿನಲ್ಲಿ ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಶುಚಿಗೊಳಿಸುವುದು. ತೀರ್ಥಹಳ್ಳಿ, ಹೊಸನಗರದ ಮಳೆಗಾಲ ಕಳೆದ ಯಂತ್ರದಲ್ಲಿ ಪ್ರೊಸೆಸರಿನ ಶಾಖ ಹೊರಹಾಕುವ ಹೀಟ್‌ಸಿಂಕ್ ಬಿಚ್ಚಿದರೆ, ತೇವ ಹೀರಿದ ದೂಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಶಾಖವನ್ನು ಅದಕ್ಕೆ ದಾಟಿಸುವ ಅದರಡಿಯ ಥರ್ಮಲ್ ಪೇಸ್ಟ್ ಒಣಗಿ ಉಗುರು ತಾಗಿದರೆ ಪುಡಿಪುಡಿಯಾಗಿ ಉದುರುತ್ತದೆ. ಹೀಟ್‌ಸಿಂಕನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಸಡಿಲವಾಗಿದ್ದರೂ ಹೊಸ ಪೇಸ್ಟ್ ಹಚ್ಚಿ ಪ್ರಯೋಜನವಿಲ್ಲ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ, ಸತ್ತಿತೆಂದು ಬಿಟ್ಟ ಎಷ್ಟೋ ಯಂತ್ರಗಳು ಏಳುತ್ತವೆ. ಪದೇ ಪದೇ ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಓವರ್‌ಕ್ಲಾಕ್ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡುವುದು ಒಳ್ಳೆಯದು. ಪುಷ್ಯದ ಚಳಿಯಲ್ಲಿ ತಕರಾರಿಲ್ಲದೆ ಓಡಿದ ಯಂತ್ರ, ಶಿವಮೊಗ್ಗದ ಬಿಸಿಲು 35 ಡಿಗ್ರಿ ದಾಟಿದ ಮಧ್ಯಾಹ್ನ ನಿಂತುಹೋಗಬಹುದು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಬೇಕು, ಪ್ರೊಸೆಸರಿಗೆ ಪೂರ್ಣ ಹೊರೆ ಹಾಕುವ ಪ್ರೈಮ್95 ಕೆಲವು ಗಂಟೆಗಳಾದರೂ ಒಂದೂ ತಪ್ಪಿಲ್ಲದೆ ಓಡಬೇಕು.

ವೇಗ ಏರಿಸಿದ ಮಾತ್ರಕ್ಕೆ ಎಲ್ಲವೂ ಬರುವುದಿಲ್ಲ ಎಂಬುದೂ ತಿಳಿದಿರಲಿ. ವಿಂಡೋಸ್ 11ರ ಈಚಿನ ಆವೃತ್ತಿಗಳಿಗೆ ಬೇಕಾದ ಎಸ್‌ಎಸ್‌ಇ 4.2 ಎಂಬ ಪ್ರೊಸೆಸರ್ ಆದೇಶಗಳು ಕ್ಯೂ6600ರಲ್ಲಿ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಉಳಿಯುವುದು ಲಿನಕ್ಸ್. ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ಹಾಕಿದ ಕ್ಯೂ6600, ಲಿನಕ್ಸಿನ ಒಂದು ರೂಪವಾದ ಡೆಬಿಯನ್‌ನಲ್ಲಿ ಅಡಿಕೆ ಮಂಡಿಯ ಲೆಕ್ಕಕ್ಕೂ ಮಕ್ಕಳ ಪ್ರೋಗ್ರಾಮಿಂಗ್ ಕಲಿಕೆಗೂ ಧಾರಾಳವಾಗಿ ಸಾಕು. ಆದರೆ ಇದನ್ನೇ ಇಪ್ಪತ್ನಾಲ್ಕು ಗಂಟೆಯೂ ಓಡುವ ಸರ್ವರ್ ಮಾಡಬೇಕೆಂದು ಕೇಳಿದವರಿಗೆ ನಾನು ಬೇಡವೆನ್ನುತ್ತೇನೆ. ಯಂತ್ರ ಸರಾಸರಿ 100 ವ್ಯಾಟ್ ಎಳೆದರೂ ತಿಂಗಳಿಗೆ 72 ಯುನಿಟ್ ಆಗುತ್ತದೆ. 6 ವ್ಯಾಟಿನ ಇಂಟೆಲ್ ಎನ್100 ಪ್ರೊಸೆಸರ್ ಇರುವ ಚಿಕ್ಕ ಪೆಟ್ಟಿಗೆ ಆ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ ಬಳಸಿ ಆರಿಸುವ ಮನೆಗೆ, ಶಾಲೆಗೆ ಆದರೆ ಹಳೆಯದನ್ನೇ ಕೊಡುತ್ತೇನೆ.