ಎಲ್‌ಐಸಿ ಬಂದಿದ್ರು, ಪುಸ್ತಕ ಜೀಪಲ್ಲಿ ಬಂತು

ಡಿಗ್ರಿ ಓದುವಾಗ ಒಂದಿನ ಸ್ಟಾಫ್ ರೂಮಲ್ಲೆಲ್ಲಾ "ನಾಳಿದ್ದು ಎಲ್‌ಐಸಿ ಬರ್ತಾರೆ" ಅಂತ ಗಡಿಬಿಡಿ, ನಾವು ಯಾರೋ ಪಾಲಿಸಿ ಮಾಡ್ಸೋರು ಅಂದ್ಕೊಂಡಿದ್ವಿ. ಆಮೇಲೆ ಗೊತ್ತಾಯ್ತು ಅದು ಲೋಕಲ್ ಇನ್‌ಕ್ವೈರಿ ಕಮಿಟಿ, ಯೂನಿವರ್ಸಿಟಿ ಕಡೆಯಿಂದ ಬಂದು ಲ್ಯಾಬ್, ಲೈಬ್ರರಿ, ಲೆಕ್ಚರರ್ಸ್ ಎಲ್ಲಾ ಸರಿ ಇದೆಯಾ ಅಂತ ನೋಡಿ ರಿಪೋರ್ಟ್ ಕೊಟ್ರೇನೇ ಅಫಿಲಿಯೇಷನ್, ಅಂದ್ರೆ ಆ ಯೂನಿವರ್ಸಿಟಿ ಕೆಳಗೆ ಕಾಲೇಜು ನಡೆಸೋ ಮಾನ್ಯತೆ, ಮುಂದುವರಿಯೋದು ಅಂತ. ನಮ್ಮದು ಸಣ್ಣ ಪ್ರೈವೇಟ್ ಕಾಲೇಜು, ಹೆಸರು ಬೇಡ, ನಾನಿನ್ನೂ ಅದೇ ಊರಲ್ಲಿ ಓಡಾಡ್ಬೇಕು. ಹಿಂದಿನ ದಿನ ನಾವು ನಾಲ್ಕು ಜನ ಹುಡುಗ್ರು ಜೀಪಲ್ಲಿ ಎಲ್ಲಿಂದಲೋ ಪುಸ್ತಕ ತುಂಬ್ಕೊಂಡು ಬಂದು ರ್ಯಾಕಿಗೆ ಜೋಡ್ಸಿದ್ವಿ, ಕೆಲವಕ್ಕೆ ಯಾವ್ದೋ ಹೈಸ್ಕೂಲಿನ ಸೀಲ್ ಬೇರೆ ಇತ್ತು, ಅಂಥವನ್ನ ಹಿಂದಿನ ಸಾಲಿಗೆ ತಳ್ಳೋ ಡ್ಯೂಟಿ ನಂದು. ಕಮಿಟಿ ಹೋದ ಮಾರನೇ ದಿನ ಅದೇ ಜೀಪು, ಅವೇ ಪುಸ್ತಕ, ವಾಪಸ್.

ಈಗ ಚಿಕ್ಕಮ್ಮನ ಮಗಳು ಅಲ್ಲೇ ಬಿಕಾಂ ಮಾಡ್ತಿದ್ದಾಳೆ. ನನ್ನ ಮಾರ್ಕ್ಸ್‌ಕಾರ್ಡಲ್ಲಿ ಮಂಗಳೂರು ವಿವಿ, ಅವಳದ್ರಲ್ಲಿ ಕೊಡಗು ವಿವಿ. 1980ರಲ್ಲಿ ಮಂಗಳೂರು ವಿವಿ ಶುರುವಾದಾಗಿಂದ ನಮ್ಮ ಕೊಡಗಿನ ಕಾಲೇಜುಗಳು ಅದರ ಕೆಳಗೇ ಇದ್ವು, ಏನೇ ಕೆಲಸ ಇದ್ರೂ ಸಂಪಾಜೆ ಘಾಟಿ ಇಳಿದು ಆ ವಿವಿ ಇರೋ ಕೊಣಾಜೆಗೆ ಹೋಗ್ಬೇಕಿತ್ತು, 2018ರ ಆಗಸ್ಟಲ್ಲಿ ಜೋಡುಪಾಲದ ಹತ್ರ ಗುಡ್ಡ ಜರಿದು ರಸ್ತೆ ಬಂದ್ ಆದಾಗ ಆ ದಾರೀನೂ ಇಲ್ಲ. 2023ರಲ್ಲಿ ಕುಶಾಲನಗರದ ಹತ್ರ ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿವಿಯ ಸ್ನಾತಕೋತ್ತರ (ಪಿಜಿ) ಸೆಂಟರ್, ಅದೇ ಜ್ಞಾನ ಕಾವೇರಿ, ಯೂನಿವರ್ಸಿಟಿ ಆಯ್ತು. 2025ರಲ್ಲಿ ಸಂಪುಟ ಉಪಸಮಿತಿ ಹೊಸ ಒಂಬತ್ತು ಯೂನಿವರ್ಸಿಟಿ ಮುಚ್ಚೋ ಮಾತಾಡ್ತು, ಅದ್ರಲ್ಲಿ ನಮ್ಮದೂ ಇತ್ತು, ಅದು ಬೇರೇನೇ ಜಗಳ ಬಿಡಿ.

ನಂಗೆ ಅನ್ಸೋದು ಇಷ್ಟೇ. ಸಿಲಬಸ್, ಎಕ್ಸಾಮು, ಡಿಗ್ರಿ ಯೂನಿವರ್ಸಿಟಿಯದ್ದು, ಪಾಠ ಕಾಲೇಜಿಂದು, ಮಧ್ಯ ಅಫಿಲಿಯೇಷನ್ ಫೀಸು. ಇದನ್ನ ಸಹಭಾಗಿತ್ವ ಅಂತಾರೆ, ನಂಗೇನೋ ಗೇಣಿ ಒಕ್ಕಲುತನ ನೋಡಿದ ಹಾಗೆ ಆಗುತ್ತೆ. ಯೂನಿವರ್ಸಿಟಿ ಇಷ್ಟು ಹತ್ರ ಬಂದಿರುವಾಗ ಪ್ರೈವೇಟ್ ಕಾಲೇಜಿನ ಮಕ್ಕಳಿಗೂ ಅಲ್ಲಿನ ಲೈಬ್ರರಿ ಕಾರ್ಡ್ ಕೊಡ್ಲಿ, ಪಿಜಿ ಮೇಷ್ಟ್ರು ತಿಂಗಳಿಗೆರಡು ಸಲ ಬಂದು ಕ್ಲಾಸ್ ತಗೊಳ್ಳಲಿ, ಬದಲಿಗೆ ಪೇಟೆ ಮಧ್ಯ ಇರೋ ಕಾಲೇಜುಗಳು ಸಂಜೆ ಹೊತ್ತು ಖಾಲಿ ಬಿದ್ದಿರೋ ರೂಮು ಕೊಡ್ಲಿ. ಆಗ ಜೀಪಲ್ಲಿ ಪುಸ್ತಕ ಹೊರೋ ನಾಟಕಾನಾದ್ರೂ ತಪ್ಪುತ್ತೆ.

ಇದನ್ನೆಲ್ಲಾ ತಂಗಿಗೆ ಹೇಳ್ದೆ. "ಕಾರ್ಡ್ ಕೊಟ್ರೂ ಶನಿವಾರ ಹೋಗ್ಬೇಕು ಅಣ್ಣ, ಕಾಫಿ ಕುಯ್ಲು ಮುಗೀಲಿ" ಅಂದ್ಲು.